ಅಧ್ಯಕ್ಷೆಯ ಕುರ್ಚಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬೆಳೆದವಳು ನಾನು. ಗೃಹಲಕ್ಷ್ಮಿಯ 2,000 ರೂಪಾಯಿ ಮೊದಲ ಸಲ ಖಾತೆಗೆ ಬಂದಾಗ ಖುಷಿಗಿಂತ ಮುಜುಗರವೇ ಜಾಸ್ತಿ ಆಯಿತು. ಬೇಡ ಅಂದೆನಾ? ಇಲ್ಲ. ಹೊಲಿಗೆ ಮಷಿನ್ನಿನ ಕಂತು ಕಟ್ಟಿದೆ. ಆದರೂ ನನ್ನ ಲೆಕ್ಕದಲ್ಲಿ ರಸ್ತೆ, ನೀರು, ಶಾಲೆ, ಪೊಲೀಸು ಸರ್ಕಾರದ ಕೆಲಸ. ಮನೆ ನಡೆಸುವುದು ನಮ್ಮದು.

ಮಹಿಳಾ ಮೀಸಲಾತಿ ಬಗ್ಗೆಯೂ ನನಗೆ ಅನುಮಾನವೇ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ 2010ರಲ್ಲೇ ಆಯಿತು. ಹೋದ ವರ್ಷ ಬೀದಿ ದೀಪದ ಅರ್ಜಿ ಹಿಡಿದು ಹೋದರೆ, ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು! ಆಯಮ್ಮ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದರು. ಯಜಮಾನರು ಪೆನ್ನಿನ ಕ್ಯಾಪ್ ತೆಗೆದು ಕೊಟ್ಟರು, ಬೆರಳಿಟ್ಟು ಜಾಗ ತೋರಿಸಿದರು. ಈಕೆ ಸಹಿ ಹಾಕಲು ಬಗ್ಗಿದರು.

ನನಗೆ ತಡೆಯಲಿಲ್ಲ. "ಒಂದ್ಸಲ ನೀವೇ ಓದಿ ಅಕ್ಕಾ" ಅಂದೆ. ನಿಧಾನವಾಗಿ ಓದಿದರು. "ಕಂಬದ ನಂಬರ್ ತಪ್ಪಿದೆಯಲ್ಲಮ್ಮ, ಅದು ದೇವಸ್ಥಾನದ ಹಿಂದಿನದು" ಅಂದರು. ಸುಮ್ನೆ ನಾಚಿಕೆಯಾಗಿ ತಿದ್ದಿದೆ.

2023ರ ವಿಧಾನಸಭೆ ಚುನಾವಣೆಯಲ್ಲಿ 224 ಸೀಟುಗಳಲ್ಲಿ ಗೆದ್ದ ಹೆಂಗಸರು ಹತ್ತೇ ಜನ. ಮಹಿಳಾ ಮೀಸಲು ಇಲ್ಲದೆ ಗೆದ್ದ ಅವರ ಮೇಲೆ ನನಗೆ ಗೌರವ ಜಾಸ್ತಿ. ಮಗಳು ಇದಕ್ಕೇ ಜಗಳಕ್ಕೆ ಬರುತ್ತಾಳೆ. "ಮೀಸಲಾತಿ ಇಲ್ಲದಿದ್ದರೆ ಆ ಕಂಬದ ನಂಬರ್ ಹಿಡಿಯುವವರು ಆಫೀಸಿನ ಒಳಗೇ ಇರುತ್ತಿರಲಿಲ್ಲ, ಅಲ್ವಾ ಅಮ್ಮಾ?"

ಇರುತ್ತಿರಲಿಲ್ಲ, ನಿಜ. ಆದರೆ ಆ ಕುರ್ಚಿಯಿಂದ ಗಂಡನನ್ನು ಎಬ್ಬಿಸುವುದಕ್ಕೆ ಯಾವ ಕಾಯ್ದೆ ತರುತ್ತೀಯೆ ಅಂತ ನಾನೂ ಕೇಳಿದೆ. ದೀಪ ಮಾತ್ರ ಹದಿನೈದು ದಿನದಲ್ಲಿ ಬಂತು.