ಹೆಲ್ಮೆಟ್ ಒಳಗೆ ಹಾಡು ಕೇಳುತ್ತೀರಾ? ಮೊದಲು ಗಾಳಿಯ ಮಾತು

ನಾನು ಬೆಂಗಳೂರಿನಿಂದ ಸಿರ್ಸಿಗೆ ಬೈಕಿನಲ್ಲೇ ಹೋಗಿಬರುತ್ತೇನೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ನಾನೂರು ಕಿಲೋಮೀಟರ್ ಒಬ್ಬರೇ ಹೋಗಲು ಬೇಸರವಾಗುವುದಿಲ್ಲವೇ? ಹಾಡು ಕೇಳುತ್ತೀರಾ? ಯಾವ ಇಯರ್‌ಫೋನ್ ತೆಗೆದುಕೊಳ್ಳಲಿ?" ಇಯರ್‌ಫೋನಿನ ಹೆಸರು ಹೇಳುವ ಮೊದಲು ನಾನು ಅವರ ಹೆಲ್ಮೆಟ್ ಹಾಕಿಸಿ ಕುತ್ತಿಗೆಯ ಕಡೆ ನೋಡುತ್ತೇನೆ. ಗಲ್ಲದ ಕೆಳಗೆ ನಾಲ್ಕು ಬೆರಳು ಸಲೀಸಾಗಿ ತೂರುವಷ್ಟು ಜಾಗವಿದ್ದರೆ ಯಾವ ಇಯರ್‌ಫೋನ್ ಕೊಂಡರೂ ಅವರು ಕೇಳುವುದು ಗಾಳಿಯನ್ನೇ.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಳೆಗಾಲಕ್ಕೆ ಮುಂಚೆ ಒಂದೇ ದಿನದಲ್ಲಿ ಊರು ತಲುಪಿದ್ದೆ. ದಾರಿಯುದ್ದಕ್ಕೂ ಕಿವಿಯಲ್ಲಿ ಸಾಧಾರಣ ಇಯರ್‌ಫೋನ್, ಶಬ್ದ ಪೂರ್ತಿ ಏರಿಸಿದ್ದು. ರಾತ್ರಿ ಊಟ ಮುಗಿಸಿ ಜಗುಲಿಯಲ್ಲಿ ಕುಳಿತಾಗ ಅಪ್ಪಯ್ಯ, "ಜೀರುಂಡೆ ಇವತ್ತು ಎಷ್ಟು ಜೋರಾಗಿ ಕೂಗುತ್ತಿವೆ ನೋಡು" ಎಂದರು. ನನಗೆ ಜೀರುಂಡೆ ಕೇಳಿಸುತ್ತಿರಲಿಲ್ಲ. ಕಿವಿಯೊಳಗೆ ಸೀಟಿಯಂಥ ಒಂದೇ ಸ್ವರ ಗುಂಯ್‌ಗುಡುತ್ತಿತ್ತು. ಎಪ್ಪತ್ತು ದಾಟಿದ ಅಪ್ಪಯ್ಯನಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ ಎಂಬುದು ಅಂದು ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಎರಡು ದಿನ ಕಳೆದ ಮೇಲೆ ಸೀಟಿ ತಗ್ಗಿತು, ಜೀರುಂಡೆಯೂ ಮರಳಿತು. ಆಮೇಲೆ ಬೆಂಗಳೂರಿನಲ್ಲಿ ಶ್ರವಣ ಪರೀಕ್ಷೆ ಮಾಡಿಸಿದಾಗ ಕೇಳುವ ಶಕ್ತಿಯನ್ನು ತೋರಿಸುವ ಗೆರೆ 4000 ಹರ್ಟ್ಸ್ ಬಳಿ, ಅಂದರೆ ತಾರ ಸ್ವರಗಳ ಜಾಗದಲ್ಲಿ, ಸಣ್ಣದಾಗಿ ಕುಸಿದಿತ್ತು. ಜೋರು ಶಬ್ದದಿಂದ ಪೆಟ್ಟು ತಿಂದ ಕಿವಿಗೆ ಸಾಮಾನ್ಯವಾಗಿ ಬೀಳುವ ಗುರುತು ಅದು. ಕಿವಿಯ ಒಳಗಿನ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಹೆಚ್ಚಿನವರು ದೂರುವುದು ಎಂಜಿನ್ನಿನ, ಸೈಲೆನ್ಸರಿನ ಸದ್ದನ್ನು. ಆದರೆ ಗಂಟೆಗೆ 60-65 ಕಿಲೋಮೀಟರ್ ದಾಟಿದ ಮೇಲೆ ಸವಾರನ ಕಿವಿಗೆ ಬೀಳುವ ಶಬ್ದದಲ್ಲಿ ದೊಡ್ಡ ಪಾಲು ಗಾಳಿಯದು. ಆ ವೇಗದಲ್ಲೇ ಹೆಲ್ಮೆಟ್ ಒಳಗೆ ಸುಮಾರು 90 ಡೆಸಿಬೆಲ್ ಇರುತ್ತದೆ, 100ರ ವೇಗಕ್ಕೆ ಅದು 100 ಡೆಸಿಬೆಲ್‌ನ ಆಸುಪಾಸಿಗೆ ಏರುತ್ತದೆ. ಡೆಸಿಬೆಲ್ ಲೆಕ್ಕ ನಮ್ಮ ಕೂಡುವ ಕಳೆಯುವ ಲೆಕ್ಕದಂತಲ್ಲ: ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಕೆಲಸದ ಜಾಗದ ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಮಿತಿ ಇದೇ ಲೆಕ್ಕದ ಮೇಲೆ ನಿಂತಿದೆ. ಅದರ ಪ್ರಕಾರ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಡೆಸಿಬೆಲ್ ಆದರೆ ಕೇವಲ ಹದಿನೈದು ನಿಮಿಷ. ಬೆಂಗಳೂರಿನಿಂದ ಹಾವೇರಿಯವರೆಗೆ ಹೆದ್ದಾರಿಯಲ್ಲಿ ಬೈಕಿಗಿರುವ 80ರ ಮಿತಿಯಲ್ಲೇ ಹೋದರೂ ನಾಲ್ಕು ಗಂಟೆಗೂ ಹೆಚ್ಚು ಬೇಕು. ತುಮಕೂರು ದಾಟಿ ಶಿರಾ ಬರುವಷ್ಟರಲ್ಲಿ ಅಂದಿನ ಪಾಲು ಮುಗಿದಿರುತ್ತದೆ. ಇದರ ಮೇಲೆ ಹಾಡು ಕೇಳಿಸಬೇಕೆಂದರೆ ಹಾಡು ಗಾಳಿಗಿಂತ ಜೋರಾಗಿರಬೇಕು. ಅಂದು ನಾನು ಮಾಡಿದ್ದು ಇದನ್ನೇ.

ಹಾಗಾದರೆ ಈ ಗಾಳಿ ಒಳಗೆ ಬರುವುದು ಎಲ್ಲಿಂದ? ಹೆಲ್ಮೆಟ್ಟಿನ ಮೇಲಿನ ಗಾಳಿಕಿಂಡಿಗಳಿಂದ ಎಂದೇ ನಾನೂ ನಂಬಿದ್ದೆ, ಅವುಗಳಿಗೆ ಟೇಪ್ ಅಂಟಿಸಿಯೂ ನೋಡಿದ್ದೆ. ಕಿಂಡಿಯ ಸೀಟಿ ನಿಂತಿತು, ಭೋರ್ಗರೆತ ಹಾಗೆಯೇ ಉಳಿಯಿತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಗಾಳಿಸುರಂಗದಲ್ಲಿಯೂ ರಸ್ತೆಯಲ್ಲಿಯೂ ಹೆಲ್ಮೆಟ್ಟಿನ ಶಬ್ದವನ್ನು ಅಳೆದಾಗ, ಗಲ್ಲದ ಪಟ್ಟಿಯ ಕೆಳಗಿನ ಜಾಗವೇ ಕಿವಿಗೆ ತಲುಪುವ ಶಬ್ದದ ಮುಖ್ಯ ಮೂಲಗಳಲ್ಲಿ ಒಂದು ಎಂದು ಕಂಡರು. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಬಾಟಲಿ ಹೂಂಕರಿಸುತ್ತದೆಯಲ್ಲ, ಹಾಗೆಯೇ ಹೆಲ್ಮೆಟ್ಟಿನ ತೆರೆದ ಬಾಯಿಯನ್ನು ಗಾಳಿ ಸವರಿಕೊಂಡು ಹೋಗುತ್ತದೆ.

ಆದ್ದರಿಂದ ನನ್ನ ಮೊದಲ ಖರ್ಚು ಶೂನ್ಯ ರೂಪಾಯಿ. ಊರಿನ ಮೆತ್ತನೆಯ ಹತ್ತಿಯ ಶಲ್ಯವೊಂದನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ, ತುದಿಗಳನ್ನು ಜಾಕೆಟ್ಟಿನೊಳಗೆ ಗಟ್ಟಿಯಾಗಿ ಸಿಕ್ಕಿಸಿದೆ. ಜಾಕೆಟ್ಟಿನ ಕಾಲರಿಗೂ ಹೆಲ್ಮೆಟ್ಟಿನ ಅಂಚಿಗೂ ನಡುವಿನ ತೆರಪು ಮುಚ್ಚಿತು. ನೆಲಮಂಗಲ ದಾಟಿ ವೇಗ ಹಿಡಿದಾಗ ಆದ ವ್ಯತ್ಯಾಸ ನನಗೆ ಇಂದಿಗೂ ನೆನಪಿದೆ: ಯಾರೋ ಪಕ್ಕದ ಕೋಣೆಯ ಬಾಗಿಲು ಮುಚ್ಚಿದಂತೆ. ತುದಿ ಹೊರಗೆ ಹಾರಾಡಬಾರದು, ಅದು ಅಪಾಯ. ಈಗ ಕೊಳವೆಯಂತೆ ಹೊಲಿದ ಕುತ್ತಿಗೆಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ, ಅವೇ ಮೇಲು. ಅನೇಕ ಹೆಲ್ಮೆಟ್ಟುಗಳ ಜೊತೆಗೆ ಗಲ್ಲದ ಕೆಳಗೆ ಸಿಕ್ಕಿಸುವ ಒಂದು ಸಣ್ಣ ಬಟ್ಟೆಯ ಪರದೆಯೂ ಬರುತ್ತದೆ. ಅದು ಏನೆಂದು ತಿಳಿಯದೆ ಡಬ್ಬಿಯಲ್ಲೇ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಹುಡುಕಿ ತೆಗೆಯಿರಿ.

ಹೆಲ್ಮೆಟ್ಟಿನ ಅಳತೆಯ ಬಗ್ಗೆ ಒಂದೇ ಮಾತು. ಕೆನ್ನೆಯ ಪ್ಯಾಡ್ ಕೆನ್ನೆಯನ್ನು ಒತ್ತಬೇಕು, ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಚರ್ಮವೂ ಜೊತೆಗೆ ಅಲ್ಲಾಡಬೇಕು. ಸಡಿಲವಾದುದು ಗದ್ದಲವೂ ಹೌದು, ಬಿದ್ದಾಗ ನಿರುಪಯೋಗಿಯೂ ಹೌದು.

ಬೈಕಿಗೆ ಮುಂಗಾಜು ಹಾಕಿಸಿಕೊಂಡವರ ಕಷ್ಟ ಬೇರೆ. ಗಾಜು ಎದೆಗೆ ಬೀಳುವ ಗಾಳಿಯನ್ನು ತಡೆಯುತ್ತದೆ ನಿಜ. ಆದರೆ ಗಾಜಿನ ಮೇಲಂಚಿನಿಂದ ಸಿಡಿದ ಗಾಳಿ ಸುಳಿಸುಳಿಯಾಗಿ ಬಂದು ನೇರವಾಗಿ ಹೆಲ್ಮೆಟ್ಟಿಗೆ ಬಡಿದರೆ, ಗಾಜಿಲ್ಲದ ಬೈಕಿಗಿಂತ ಹೆಚ್ಚು ಗದ್ದಲ. ಇದನ್ನು ಪತ್ತೆ ಹಚ್ಚಲು ಖಾಲಿಯಾದ ನೇರ ರಸ್ತೆಯಲ್ಲಿ, ಮಿತವಾದ ವೇಗದಲ್ಲಿ, ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಸ್ವಲ್ಪ ಮೇಲೇಳಿ. ತಲೆ ಮೇಲೆ ಬಂದೊಡನೆ ಸದ್ದು ಕಡಿಮೆಯಾದರೆ ತಪ್ಪು ಹೆಲ್ಮೆಟ್ಟಿನದಲ್ಲ, ಗಾಜಿನ ಎತ್ತರದ್ದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ಜಾಗದಲ್ಲಿ ಮಾತ್ರ ಯಾವ ಗಾಜೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಗಾಳಿ ಅಡ್ಡಲಾಗಿ ಬಡಿಯುತ್ತದೆ. ವೇಗ ತಗ್ಗಿಸುವುದೊಂದೇ ದಾರಿ.

ಇಷ್ಟೆಲ್ಲ ಮಾಡಿದರೂ ಹೆಲ್ಮೆಟ್ಟಿಗೆ ಒಂದು ಎಲ್ಲೆ ಇದೆ. ಶಬ್ದ ಕಡಿಮೆ ಎಂಬುದಕ್ಕೇ ಹೆಸರಾದ ಜರ್ಮನಿಯ ಶುಬರ್ತ್ ಕಂಪನಿಯವರು ತಮ್ಮ ದುಬಾರಿ ಹೆಲ್ಮೆಟ್ಟಿಗೆ ಹೇಳಿಕೊಳ್ಳುವ ಅಂಕಿ 100ರ ವೇಗಕ್ಕೆ 85 ಡೆಸಿಬೆಲ್. ಅಷ್ಟು ಹಣ ಸುರಿದರೂ ನಾವು ನಿಲ್ಲುವುದು ಮಿತಿಯ ಗೆರೆಯ ಮೇಲೆ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಮತ್ತು ಸ್ಪಂಜು ತಾರ ಸ್ಥಾಯಿಯ ಸದ್ದನ್ನು ಚೆನ್ನಾಗಿ ಹೀರುತ್ತವೆ, ಮಂದ್ರದ ಸದ್ದನ್ನು ಹಾಗೆಯೇ ಬಿಟ್ಟುಕೊಡುತ್ತವೆ. ಗಾಳಿಯ ಗದ್ದಲದಲ್ಲಿ ಹೆಚ್ಚಿನದು 500 ಹರ್ಟ್ಸಿಗಿಂತ ಕೆಳಗಿನದು, ಅಂದರೆ ಮಂದ್ರದ್ದೇ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತು ಬರುತ್ತದೆ. ನಿಮ್ಮ ಮೊದಲ ಇಯರ್‌ಫೋನ್ ಹತ್ತಿಪ್ಪತ್ತು ರೂಪಾಯಿಯ ಫೋಮ್ ಇಯರ್‌ಪ್ಲಗ್ ಆಗಿರಲಿ. ಕಾರ್ಖಾನೆಯ ಕೆಲಸಗಾರರು ಹಾಕಿಕೊಳ್ಳುವ ಹಳದಿಯೋ ಕಿತ್ತಳೆಯೋ ಬಣ್ಣದ ಪುಟ್ಟ ಬೆಣೆ. ಚೀಟಿಯ ಮೇಲೆ 30 ಡೆಸಿಬೆಲ್‌ಗೂ ಹೆಚ್ಚು ತಗ್ಗಿಸುತ್ತದೆ ಎಂದು ಬರೆದಿರುತ್ತಾರೆ. ನಾವು ಹಾಕಿಕೊಳ್ಳುವ ರೀತಿಗೆ ಅದರಲ್ಲಿ ಅರ್ಧ ದಕ್ಕಿದರೂ 95 ಇದ್ದದ್ದು 80ಕ್ಕೆ ಇಳಿಯುತ್ತದೆ. ಹದಿನೈದು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಮೂವತ್ತು ಪಟ್ಟು ಇಳಿಕೆ. ಹಾಕಿಕೊಳ್ಳುವ ರೀತಿಯಲ್ಲೇ ಎಲ್ಲವೂ ಇದೆ: ಬೆರಳುಗಳ ನಡುವೆ ಹೊಸೆದು ತೆಳು ಬತ್ತಿಯಂತೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಅರಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಅವಸರದಲ್ಲಿ ಕಿವಿಯ ಬಾಯಿಗೆ ಅಂಟಿಸಿಕೊಂಡರೆ ಅಲಂಕಾರಕ್ಕೆ ಮಾತ್ರ. ಚಳಿಗೆ ಅಜ್ಜಿ ತುರುಕುತ್ತಿದ್ದ ಹತ್ತಿ ಉಂಡೆ ಚಳಿಗೆ ಸರಿ, ಶಬ್ದಕ್ಕೆ ಅದು ಅಡ್ಡಿಯೇ ಅಲ್ಲ. ಕಿವಿ ಸೋರುವವರು, ನೋವಿರುವವರು, ಗುಗ್ಗೆ ಕಟ್ಟಿಕೊಂಡವರು ಮೊದಲು ವೈದ್ಯರನ್ನು ಕಾಣಬೇಕು. ಬೆಣೆ ಗುಗ್ಗೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ.

"ಕಿವಿ ಮುಚ್ಚಿಕೊಂಡರೆ ಲಾರಿಯ ಹಾರ್ನ್ ಕೇಳಿಸುವುದು ಹೇಗೆ?" ಇದು ಮರುಪ್ರಶ್ನೆ, ನ್ಯಾಯವಾದ ಪ್ರಶ್ನೆ. ಹೆದ್ದಾರಿಯ ವೇಗದಲ್ಲಿ ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ. ಅವೆರಡರ ನಡುವಿನ ಅಂತರ ಉಳಿಯುತ್ತದೆ. ಅಷ್ಟೇ ಅಲ್ಲ, ಮಂದ್ರದ ಗದ್ದಲ ಅತಿ ಜೋರಾದಾಗ ಅದು ತನ್ನ ಸ್ಥಾಯಿಯನ್ನು ಬಿಟ್ಟು ಮೇಲಿನ ಸ್ವರಗಳನ್ನೂ ನುಂಗತೊಡಗುತ್ತದೆ. ಇದು ಕಿವಿಯ ಸ್ವಭಾವ. ಒಟ್ಟು ಮಟ್ಟ ತಗ್ಗಿದರೆ ಈ ನುಂಗುವಿಕೆಯೂ ತಗ್ಗುತ್ತದೆ. ಅದಕ್ಕೇ ಪ್ಲಗ್ ಹಾಕಿಕೊಂಡ ಮೇಲೆ ಹಿಂದಿನ ಬಸ್ಸಿನ ಹಾರ್ನ್ ನನಗೆ ಹೆಚ್ಚು ಬಿಡಿಬಿಡಿಯಾಗಿ ಕೇಳಿಸುತ್ತದೆ. ಆದರೆ ಊರೊಳಗೆ, ಮೂವತ್ತರ ವೇಗದಲ್ಲಿ, ಲೆಕ್ಕ ತಿರುಗಿ ಬೀಳುತ್ತದೆ. ಅಲ್ಲಿ ಗಾಳಿಯ ಗದ್ದಲ ಇರುವುದಿಲ್ಲ, ಪ್ಲಗ್ ತಡೆಯುವುದು ಬೇಕಾದ ಸದ್ದನ್ನೇ. ಯಶವಂತಪುರದಲ್ಲಿ ನಾನು ಪ್ಲಗ್ ಹಾಕುವುದಿಲ್ಲ. ನೆಲಮಂಗಲದಲ್ಲಿ ನಿಲ್ಲಿಸಿ ಹಾಕುತ್ತೇನೆ.

ಈಗ ಹಾಡಿಗೆ ಬರೋಣ. ನಾನು ಬಳಸುವುದು ಹೆಲ್ಮೆಟ್ಟಿನ ಕಿವಿಯ ಗುಳಿಯಲ್ಲಿ ಕೂರುವ ಚಪ್ಪಟೆ ಬ್ಲೂಟೂತ್ ಸ್ಪೀಕರ್, ಅದರ ಕೆಳಗೆ ಪ್ಲಗ್. ಕಿವಿ ಮುಚ್ಚಿಕೊಂಡು ಸ್ಪೀಕರ್ ಕೇಳುವುದು ವಿಚಿತ್ರವೆನಿಸಬಹುದು, ಆದರೆ ಹಾರ್ನಿಗೆ ಹೇಳಿದ ಕಾರಣವೇ ಇಲ್ಲಿಯೂ ನಿಲ್ಲುತ್ತದೆ. ಸ್ಪೀಕರ್ ಕಿವಿಯ ರಂಧ್ರಕ್ಕೆ ಸರಿಯಾಗಿ ಎದುರಿರಬೇಕು. ಒಂದು ಬೆರಳಿನ ಅಗಲ ಆಚೀಚೆ ಸರಿದರೆ ಮಂದ್ರವೆಲ್ಲ ಮಾಯ. ಬಹಳ ಜನ "ಸ್ಪೀಕರ್ ಚೆನ್ನಾಗಿಲ್ಲ" ಎನ್ನುವುದು ಅದು ಕಿವಿಯ ಹಿಂದೆಯೋ ಕೆಳಗೋ ಕೂತಿರುವುದರಿಂದ. ಗುಳಿ ಆಳವಾಗಿದ್ದರೆ ಸ್ಪೀಕರಿನ ಹಿಂದೆ ಸ್ವಲ್ಪ ಸ್ಪಂಜು ಇಟ್ಟು ಮುಂದಕ್ಕೆ ತನ್ನಿ. ಗುಳಿ ಸಾಲದೆಂದು ಥರ್ಮಾಕೋಲನ್ನು ಮಾತ್ರ ಚಾಕುವಿನಿಂದ ಕೆತ್ತಬೇಡಿ. ತಲೆಯನ್ನು ಕಾಯುವುದು ಆ ಥರ್ಮಾಕೋಲ್, ಹೊರಗಿನ ಬಣ್ಣದ ಚಿಪ್ಪೊಂದೇ ಅಲ್ಲ.

ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನನ್ನು ನಾನು ಬಿಟ್ಟೆ. ಹೆಲ್ಮೆಟ್ ಹಾಕುವಾಗ ಅದು ಜಾರುತ್ತದೆ, ಗಂಟೆ ಕಳೆದರೆ ಗಟ್ಟಿ ಪ್ಲಾಸ್ಟಿಕ್ ಕಿವಿಯನ್ನು ಒತ್ತಿ ನೋಯಿಸುತ್ತದೆ, ಪೊಲೀಸರು ತಡೆದರೆ ಅವರಿಗೆ ಹೇಳಲು ನನ್ನ ಬಳಿ ಉತ್ತರವೂ ಇರುವುದಿಲ್ಲ. ಶಬ್ದವನ್ನು ಎಲೆಕ್ಟ್ರಾನಿಕ್ ಆಗಿ ಅಳಿಸುವ ಬಗೆಯವು ವಿಮಾನದ ಸಮನಾದ ಗುಂಗಿಗೆ ಹೇಳಿಮಾಡಿಸಿದವು. ಕ್ಷಣಕ್ಷಣಕ್ಕೂ ಬದಲಾಗುವ ಗಾಳಿಯ ಸುಳಿಗೆ ಅವುಗಳ ಪುಟ್ಟ ಮೈಕು ತಬ್ಬಿಬ್ಬಾಗುತ್ತದೆ. ಒಂದೇ ಕಿವಿಗೆ ಹಾಕಿಕೊಂಡು ಇನ್ನೊಂದನ್ನು ತೆರೆದಿಡುವವರಿಗೆ ನನ್ನ ಬಿನ್ನಹ: ತೆರೆದ ಆ ಕಿವಿ ಪೂರ್ತಿ ಗಾಳಿಯನ್ನು ಕುಡಿಯುತ್ತಿದೆ.

ಎಷ್ಟು ಜೋರಾಗಿ ಕೇಳಬೇಕು? ನನ್ನ ಅಳತೆಗೋಲು ಇದು. ಚಹಾಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದಾಗ ಹಾಡು ಓಡುತ್ತಲೇ ಇರಲಿ. ಪ್ಲಗ್ ಇದ್ದೂ ಕಿವಿಗೆ ರಾಚುತ್ತಿದ್ದರೆ ದಾರಿಯಲ್ಲಿ ಅದು ಅತಿಯಾಗಿತ್ತು. ಗಾಳಿ ಏರಿದಂತೆ ತಾನೇ ಶಬ್ದ ಏರಿಸುವ ಸೌಲಭ್ಯ ಕೆಲವು ಸಾಧನಗಳಲ್ಲಿದೆ. ಅದನ್ನು ನಾನು ಮೊದಲ ದಿನವೇ ನಿಲ್ಲಿಸಿದೆ.

ಏನನ್ನು ಕೇಳಬೇಕು ಎಂಬುದು ಎಲ್ಲಕ್ಕಿಂತ ಖುಷಿಯ ಪ್ರಶ್ನೆ. ತಂಬೂರಿಯ ಶ್ರುತಿ, ನಿಧಾನವಾದ ಆಲಾಪ, ಮೃದಂಗದ ಎಡಗೈಯ ಮಂದ್ರ ನಾದವಾದ ಗುಮ್ಕಿ, ಇವನ್ನೆಲ್ಲ ಗಾಳಿ ತಿಂದುಹಾಕುತ್ತದೆ. ಒಳ್ಳೆಯ ಕಛೇರಿಯನ್ನು ರಸ್ತೆಯಲ್ಲಿ ಕೇಳುವುದು ಅದಕ್ಕೆ ಮಾಡುವ ಅನ್ಯಾಯ. ಅದನ್ನು ಮನೆಗೆ ಉಳಿಸಿಕೊಳ್ಳಿ. ಚಂಡೆ ನುಗ್ಗಿ ಬರುತ್ತದೆ, ಮದ್ದಳೆ ಹಿಂದೆ ಉಳಿಯುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಬರುವುದು ಮಾತು, ಯಾಕೆಂದರೆ ಮಾತಿನ ವ್ಯಂಜನಗಳು ಗಾಳಿಯ ಸ್ಥಾಯಿಗಿಂತ ಬಹಳ ಮೇಲಿವೆ. ಹಾಗಾಗಿ ನನ್ನ ಹೆದ್ದಾರಿಯ ಸಂಗಾತಿ ತಾಳಮದ್ದಲೆ, ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನ. ವಾಲಿ ರಾಮನನ್ನು ಪ್ರಶ್ನಿಸಲು ತೊಡಗಿದರೆ ಹಿರಿಯೂರಿನಿಂದ ಹೊರಟ ವಾದ ದಾವಣಗೆರೆಯಲ್ಲಿಯೂ ಮುಗಿದಿರುವುದಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿಯ ಒಂದೊಂದು ಪದವೂ ಕೇಳಿಸುತ್ತದೆ, ಅದೂ ಅಂದು ಇಯರ್‌ಫೋನಿನಲ್ಲಿ ಇಟ್ಟಿದ್ದ ಶಬ್ದದ ಅರ್ಧಕ್ಕೂ ಕಡಿಮೆ ಗುರುತಿನಲ್ಲಿ. ವಾಹನ ದಟ್ಟವಾದರೆ, ಮಳೆ ಬಂದರೆ ಮೊದಲು ನಿಲ್ಲಿಸುವುದೂ ಅದನ್ನೇ. ವಾದ ಸೊಗಸಾದಷ್ಟೂ ಗಮನವನ್ನು ಎಳೆಯುತ್ತದೆ.

ಹಾವೇರಿಯಲ್ಲಿ ಹೆದ್ದಾರಿ ಬಿಟ್ಟು ಸಿರ್ಸಿಯ ಕಡೆ ತಿರುಗಿದ ಮೇಲೆ ನನ್ನ ಬೈಕಿನಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ. ಸಿರ್ಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವವರಿಗಂತೂ ಕೈಮುಗಿದು ಹೇಳುತ್ತೇನೆ, ಅಲ್ಲಿ ಎಲ್ಲವನ್ನೂ ಆರಿಸಿ. ತಿರುವಿನಾಚೆ ಬರುವ ಬಸ್ಸು ಕಾಣುವುದಕ್ಕೆ ಮೊದಲು ಕೇಳಿಸುತ್ತದೆ. ಹಾವೇರಿಯ ಚಹಾದಂಗಡಿಯ ಮುಂದೆ ಪ್ಲಗ್ ತೆಗೆದು ಡಬ್ಬಿಗೆ ಹಾಕಿ, ಶಲ್ಯ ಸಡಿಲಿಸಿ, ಐವತ್ತರ ವೇಗದಲ್ಲಿ ಹೊರಡುತ್ತೇನೆ. ಹಾನಗಲ್ ಬರುವುದರೊಳಗೆ ಬೈಕಿನ ಚೈನು ಒಣಗಿದೆಯೋ ಇಲ್ಲವೋ ಎಂಬುದು ಸದ್ದಿನಿಂದಲೇ ತಿಳಿಯುತ್ತದೆ. ಒಣಗಿದ್ದರೆ ಅಲ್ಲಿಯೇ ನಿಲ್ಲಿಸಿ ಎಣ್ಣೆ ಬಿಡುತ್ತೇನೆ.