ಒಂಬತ್ತರ ಹತ್ರ ಸಿಕ್ಕಾಕೊಂಡ ಮುಳ್ಳು

ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಾ ಹಾಲ್‌ಗೆ ಬಂದೆ, ಅಮ್ಮ ಗೋಡೆ ಕಡೆ ಕೈ ತೋರಿಸಿ "ಅದಕ್ಕೇನೋ ಆಗಿದೆ ನೋಡೋ, ಒಂದೇ ಕಡೆ ಒದ್ದಾಡ್ತಾ ಇದೆ" ಅಂದ್ಲು. ನೋಡಿದ್ರೆ ಗಡಿಯಾರದ ಸೆಕೆಂಡ್ ಮುಳ್ಳು ಒಂಬತ್ತರ ಹತ್ರ ಟಕ್ ಅಂತ ಒಂದು ಕೂದಲೆಳೆಯಷ್ಟು ಮೇಲೇಳುತ್ತೆ, ಮತ್ತೆ ಅಲ್ಲಿಗೇ ಬೀಳುತ್ತೆ, ಮತ್ತೆ ಏಳುತ್ತೆ, ಮತ್ತೆ ಬೀಳುತ್ತೆ. ಬ್ರಷ್ ಬಾಯಲ್ಲಿಟ್ಕೊಂಡೇ ಐದು ನಿಮಿಷ ನಿಂತು ನೋಡ್ದೆ. ಐದು ನಿಮಿಷ ಅಂತ ಹೇಳ್ತಿರೋದು ಅಂದಾಜಿನ ಮೇಲೆ, ಗಡಿಯಾರ ಅಂತೂ ಹೇಳೋ ಸ್ಥಿತಿಲಿ ಇರ್ಲಿಲ್ಲ.

ಸೆಲ್ ವೀಕ್ ಆದಾಗ ಈ ಮುಳ್ಳು ಹೆಚ್ಚಾಗಿ ಅದೇ ಜಾಗದಲ್ಲಿ ಯಾಕೆ ನಿಲ್ಲುತ್ತೆ ಅಂತ ಯೋಚ್ನೆ ಮಾಡಿದೀರಾ? ಹನ್ನೆರಡರಿಂದ ಆರಕ್ಕೆ ಇಳಿಜಾರು, ಭೂಮಿನೇ ಎಳ್ಕೊಳ್ಳುತ್ತೆ. ಆರು ದಾಟಿದ್ಮೇಲೆ ತನ್ನ ಭಾರ ತಾನೇ ಎತ್ಕೊಂಡು ಹತ್ತಬೇಕು, ಮುಳ್ಳು ಅಡ್ಡಡ್ಡ ಮಲಗೋದು ಒಂಬತ್ತರ ಹತ್ರ ಆದ್ರಿಂದ ಅಲ್ಲೇ ಅತಿ ಹೆಚ್ಚು ಕಷ್ಟ. ಒಳಗಡೆ ಒಂದು ಚೂರು ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗ್ತಾ ಇರುತ್ತೆ, ಈ ವಿಚಿತ್ರ ಸಂಖ್ಯೆ ಯಾಕಂದ್ರೆ ಅದನ್ನ ಹದಿನೈದು ಸಲ ಅರ್ಧ ಮಾಡ್ತಾ ಹೋದ್ರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತೆ, ಚಿಪ್ ಆ ಅರ್ಧ ಮಾಡೋ ಕೆಲಸ ಮಾಡಿ ಸೆಕೆಂಡಿಗೊಂದು ಸಲ ಮೋಟರಿಗೆ ಒಂದು ಏಟು ಕೊಡುತ್ತೆ. ಮಜಾ ಏನಂದ್ರೆ ಮುಳ್ಳು ಒದ್ದಾಡ್ತಾ ಇರೋವಾಗ್ಲೂ ಹರಳು ಸರಿಯಾಗೇ ಎಣಿಸ್ತಾ ಇರುತ್ತೆ. ಲೆಕ್ಕ ಪಕ್ಕಾ ಇದೆ, ಕೈಯಲ್ಲಿ ತ್ರಾಣ ಇಲ್ಲ ಅಷ್ಟೇ. ಸೋಮವಾರದ ನನ್ನ ಕಥೆನೂ ಹೆಚ್ಚುಕಮ್ಮಿ ಇದೇ.

ಸೆಲ್ ಹಾಕೋದು ಎರಡು ನಿಮಿಷದ ಕೆಲಸ. ಆದ್ರೆ ಹಾಕಿದ್ಮೇಲೆ ಟೈಮ್ ಎಷ್ಟಕ್ಕೆ ಸೆಟ್ ಮಾಡೋದು? ಇನ್ನೊಂದು ಗಡಿಯಾರ ನೋಡ್ಬೇಕು. ಅದು ಸರಿ ಇದೆ ಅಂತ ಹೇಳೋಕೆ ಮತ್ತೊಂದು. ಒಂಟಿ ಗಡಿಯಾರ ಏನು ತೋರಿಸಿದ್ರೂ ಅದು ತಪ್ಪು ಅಂತ ಹೇಳೋರಿಲ್ಲ, ಎರಡನೇದು ಬಂದಾಗ್ಲೇ ಜಗಳ ಶುರು.

ಈ "ಟೈಮ್ ಎಲ್ಲಿಂದ ತರೋದು" ಅನ್ನೋದನ್ನೇ ಹೊಟ್ಟೆಪಾಡು ಮಾಡ್ಕೊಂಡಿದ್ದ ಒಬ್ಬಳು ಹೆಂಗಸಿದ್ಲು, ನಂಗೆ ಅವಳ ಮೇಲೆ ವಿಪರೀತ ಪ್ರೀತಿ. ರೂತ್ ಬೆಲ್‌ವಿಲ್ ಅಂತ, ಲಂಡನ್ನಿನವಳು. ಅವಳಪ್ಪ 1836ರಲ್ಲಿ ಶುರು ಮಾಡಿದ್ದ ಕೆಲಸ, ಅಪ್ಪ ಹೋದ್ಮೇಲೆ ಅಮ್ಮ ಮಾಡಿದ್ಲು, 1892ರಿಂದ ಇವಳು. ಕೆಲಸ ಏನಪ್ಪಾ ಅಂದ್ರೆ ಟೈಮ್ ಮಾರೋದು! ಗ್ರೀನಿಚ್ ವೀಕ್ಷಣಾಲಯಕ್ಕೆ ಹೋಗಿ ತನ್ನ ಪಾಕೆಟ್ ವಾಚನ್ನ ಅಲ್ಲಿನ ಗಡಿಯಾರಕ್ಕೆ ತಾಳೆ ನೋಡಿ, ಎಷ್ಟು ಸೆಕೆಂಡ್ ವ್ಯತ್ಯಾಸ ಇದೆ ಅಂತ ಬರೆಸ್ಕೊಂಡು, ಆಮೇಲೆ ಊರೆಲ್ಲಾ ಸುತ್ತಿ ಗಿರಾಕಿಗಳ ಮನೆ, ಅಂಗಡಿಗೆ ಹೋಗಿ ಅದನ್ನ ತೋರಿಸೋದು, ಅವ್ರು ಅದನ್ನ ನೋಡಿ ತಮ್ಮ ಗಡಿಯಾರ ಸರಿ ಮಾಡ್ಕೊಳ್ಳೋದು. ಆ ವಾಚ್ ಮಾಡಿದವನು ಜಾನ್ ಆರ್ನಾಲ್ಡ್ ಅನ್ನೋ ಪ್ರಸಿದ್ಧ ಕುಶಲಕರ್ಮಿ, ಅದಕ್ಕೇ ಇವಳು ವಾಚನ್ನೇ ಮನುಷ್ಯನ ಥರ "ಆರ್ನಾಲ್ಡ್" ಅಂತ ಕರೀತಿದ್ಲು. ಟೆಲಿಗ್ರಾಫ್‌ನಲ್ಲಿ ಟೈಮ್ ಕಳಿಸೋ ಕಂಪನಿಗಳು ಬಂದ್ವು, ರೇಡಿಯೋದಲ್ಲಿ ಪೀಪ್ ಪೀಪ್ ಬಂತು, 1936ರಲ್ಲಿ ಫೋನ್ ಮಾಡಿದ್ರೆ ಟೈಮ್ ಹೇಳೋ ಸರ್ವೀಸೂ ಬಂತು, ಇವಳು ಮಾತ್ರ 1940ರವರೆಗೆ ನಡೀತಾನೇ ಇದ್ಲು. ಆಗ ಎಂಬತ್ತು ದಾಟಿತ್ತು ವಯಸ್ಸು. ಫೋನ್ ಎತ್ತಿದ್ರೆ ಸಿಗೋದಕ್ಕೆ ಇವಳಿಗೆ ಯಾಕೆ ದುಡ್ಡು ಕೊಡ್ತಿದ್ರು ಅಂದ್ರೆ, ಬಹುಶಃ ಪರಿಚಯದ ಮುಖ ಬಂದು ಹೇಳಿದ್ರೆ ನಂಬಿಕೆ ಜಾಸ್ತಿ ಅಂತಾನೇ ಇರ್ಬೇಕು, ಇದು ನನ್ನ ಊಹೆ.

ನಂಬಿಕೆ ಅಂದ್ಕೂಡ್ಲೇ ನೆನಪಾಯ್ತು. ಒಂದು ಹಳೇ ಆಫೀಸಲ್ಲಿ ಪ್ರೋಗ್ರಾಮಿನ ಒಂದು ಬಗ್, ಅಂದ್ರೆ ತಪ್ಪು, ಅದರ ಹಿಂದೆ ಮೂರು ದಿನ ಬಿದ್ದಿದ್ದೆ. ಯಾವಾಗ ಏನಾಯ್ತು ಅಂತ ಕಂಪ್ಯೂಟರ್‌ಗಳು ಬರೆದಿಡೋ ಲಾಗ್ ತೆಗೆದು ನೋಡಿದ್ರೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಪ್ರಶ್ನೆ ಹೋಗಿದ್ದು 10:42:07ಕ್ಕೆ, ಅದಕ್ಕೆ ಉತ್ತರ ಕೊಟ್ಟಿದ್ದು 10:42:03ಕ್ಕೆ. ಕೇಳೋಕೆ ಮುಂಚೆನೇ ಉತ್ತರ! ಕೋಡ್ ಎಲ್ಲಾ ಜಾಲಾಡಿದ್ದೇ ಬಂತು, ಕೊನೆಗೆ ನೋಡಿದ್ರೆ ಎರಡು ಸರ್ವರ್‌ಗಳ ಗಡಿಯಾರದಲ್ಲಿ ಕೆಲವು ಸೆಕೆಂಡ್ ವ್ಯತ್ಯಾಸ, ಒಂದರಲ್ಲಿ ಟೈಮ್ ಸಿಂಕ್, ಅಂದ್ರೆ ಬೇರೆ ಗಡಿಯಾರ ನೋಡಿ ತನ್ನದನ್ನ ಹೊಂದಿಸ್ಕೊಳ್ಳೋದು, ಯಾವಾಗ್ಲೋ ನಿಂತೋಗಿತ್ತು. ಯಾರೂ ಗಮನಿಸಿರ್ಲಿಲ್ಲ, ಯಾಕಂದ್ರೆ ಅದು ನಿಂತಿರೋದನ್ನ ಹೇಳೋಕೆ ಅಲ್ಲಿ ಒದ್ದಾಡೋ ಮುಳ್ಳು ಇರಲ್ವಲ್ಲ.

ಈ ಸಿಂಕ್ ಮಾಡೋ ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) ಇದ್ಯಲ್ಲ, ಡೇವಿಡ್ ಮಿಲ್ಸ್ ಅನ್ನೋರು 1985ರ ಹೊತ್ತಿಗೆ ಮಾಡಿದ್ದು, ಅದೂ ರೂತಮ್ಮನ ಕೆಲಸಾನೇ. ಕಂಪ್ಯೂಟರ್ ಇನ್ನೊಂದು ಕಂಪ್ಯೂಟರ್‌ಗೆ ಟೈಮ್ ಎಷ್ಟಪ್ಪಾ ಅಂತ ಕೇಳುತ್ತೆ, ಕೇಳಿದ್ದು ಯಾವಾಗ ಉತ್ತರ ಬಂದಿದ್ದು ಯಾವಾಗ ಅಂತ ನೋಡ್ಕೊಂಡು ದಾರಿಯಲ್ಲಿ ಕಳೆದುಹೋದ ಹೊತ್ತನ್ನ ಅಂದಾಜು ಮಾಡಿ ಲೆಕ್ಕಕ್ಕೆ ಸೇರಿಸ್ಕೊಳ್ಳುತ್ತೆ. ನಂಗೆ ಇಷ್ಟ ಆಗೋ ವಿಷ್ಯ ಅಂದ್ರೆ ವ್ಯತ್ಯಾಸ ಸ್ವಲ್ಪ ಇದ್ರೆ ಅದು ಗಡಿಯಾರವನ್ನ ಗಪ್ಪಂತ ತಿರುಗಿಸಿ ಬಿಡಲ್ಲ, ಒಂಚೂರು ಜೋರಾಗಿ ಇಲ್ಲಾ ನಿಧಾನವಾಗಿ ಓಡಿಸಿ ಯಾರಿಗೂ ಗೊತ್ತಾಗದ ಹಾಗೆ ದಾರಿಗೆ ತರುತ್ತೆ. ಮ್ಯಾನೇಜರ್‌ಗಳು ಕಲೀಬೇಕು.

ಗಡಿಯಾರ ನಂಬ್ಕೊಂಡಿರೋ ಮೂಲವೇ ಜಾರಿದ್ರೆ? ಅದೂ ಆಗಿದೆ. ಕೆಲವು ಗಡಿಯಾರಗಳು, ಓವನ್ ಮೇಲೆ ಇರೋವು, ಹಾಸಿಗೆ ಪಕ್ಕದ ರೇಡಿಯೋದಲ್ಲಿರೋವು, ಕರೆಂಟಿನ ಅಲೆಗಳನ್ನೇ ಎಣಿಸ್ತವೆ, ಐವತ್ತು ಆದ್ರೆ ಒಂದು ಸೆಕೆಂಡ್ ಅಂತ. 2018ರ ಜನವರಿ ಮಧ್ಯದಿಂದ ಮಾರ್ಚ್ ಶುರುವಿನವರೆಗೆ ಯೂರೋಪಿನ ಗ್ರಿಡ್‌ನಲ್ಲಿ ಸರ್ಬಿಯಾ ಮತ್ತೆ ಕೊಸೊವೊ ನಡುವಿನ ತಕರಾರಿಂದ ಕರೆಂಟ್ ಕೊರತೆಯಾಗಿ ಸರಾಸರಿ ಫ್ರೀಕ್ವೆನ್ಸಿ, ಅಂದ್ರೆ ಸೆಕೆಂಡಿಗೆ ಬರೋ ಅಲೆಗಳ ಲೆಕ್ಕ, ಐವತ್ತರಿಂದ 49.996 ಹರ್ಟ್ಜ್‌ಗೆ ಇಳೀತು. ಎಷ್ಟು ಸಣ್ಣ ಇಳಿತ ನೋಡಿ. ಅಷ್ಟಕ್ಕೇ ಇಂಥ ಗಡಿಯಾರಗಳೆಲ್ಲಾ ಸುಮಾರು ಆರು ನಿಮಿಷ ಹಿಂದೆ ಬಿದ್ವು. ಎಲ್ಲೋ ದೂರದಲ್ಲಿ ಎರಡು ಸರ್ಕಾರ ಕಿತ್ತಾಡ್ತಿವೆ, ಇಲ್ಲೊಬ್ಬ ಓವನ್ ನೋಡ್ಕೊಂಡು ಹೊರಟು ಟ್ರೈನ್ ತಪ್ಪಿಸ್ಕೊಂಡಿರ್ತಾನೆ.

ಸರಿ, ಹಾಗಾದ್ರೆ ಎಲ್ಲಕ್ಕಿಂತ ಮೇಲೆ ಒಂದು ಅಪ್ಪಟ ಗಡಿಯಾರ ಇರ್ಬೇಕಲ್ಲ, ಅದನ್ನ ನೋಡಿದ್ರೆ ಮುಗೀತು ಅಂತ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ. ಇಲ್ಲ! 1967ರಿಂದ ಸೆಕೆಂಡ್ ಅಂದ್ರೆ ಸೀಸಿಯಂ ಪರಮಾಣುವಿನ 9,192,631,770 ಕಂಪನ ಅಂತ ಇದೆ, ಹಾಗೆ ಎಣಿಸೋ ಗಡಿಯಾರಗಳೂ ಪ್ರಪಂಚದಲ್ಲಿ ನೂರಾರಿವೆ, ಆದ್ರೆ ಅವುಗಳಲ್ಲೂ ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ಪ್ಯಾರಿಸ್ ಪಕ್ಕದ ಅಂತರರಾಷ್ಟ್ರೀಯ ತೂಕ-ಅಳತೆ ಸಂಸ್ಥೆಯವರು ಎಲ್ಲರ ಲೆಕ್ಕ ತರಿಸ್ಕೊಂಡು, ಯಾವುದು ಎಷ್ಟು ನಂಬಿಕಸ್ಥ ಅಂತ ನೋಡಿ ಅದಕ್ಕೆ ತಕ್ಕ ತೂಕ ಕೊಟ್ಟು ಸರಾಸರಿ ತೆಗೀತಾರೆ, ಅದರ ಮೇಲೆ ನಿಂತಿರೋದೇ ಇಡೀ ಪ್ರಪಂಚ ಅನುಸರಿಸೋ ಟೈಮ್, ಯುಟಿಸಿ. ಅದರ ಪಟ್ಟಿ ಬರೋದು ಮುಂದಿನ ತಿಂಗಳು. ಅಂದ್ರೆ ಇವತ್ತು ಇಂಥ ಗಡಿಯಾರ ಇಟ್ಕೊಂಡಿರೋ ಒಂದು ಲ್ಯಾಬ್ ಎಷ್ಟು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಆಚೀಚೆ ಇತ್ತು ಅನ್ನೋದು ಮುಂದಿನ ತಿಂಗಳು ಗೊತ್ತಾಗುತ್ತೆ. ಈಗ ನಿಜವಾಗ್ಲೂ ಗಂಟೆ ಎಷ್ಟು ಅಂತ ಕೇಳಿದ್ರೆ ಅಷ್ಟು ದೊಡ್ಡೋರ ಉತ್ತರಾನೂ "ತಾಳಿ, ಎಲ್ಲರನ್ನೂ ಕೇಳಿ ಹೇಳ್ತೀವಿ" ಅಂತಾನೇ.

ಇಷ್ಟೆಲ್ಲಾ ತಲೇಲಿ ಇಟ್ಕೊಂಡು ಫೋನ್ ನೋಡ್ಕೊಂಡು, ಒಂಬತ್ತರ ಹತ್ರ ನಿಂತಿದ್ದ ಮುಳ್ಳಿಗೆ ಫೋನಿನ ಸೆಕೆಂಡ್ ಹೊಂದೋವಾಗ ಸರಿಯಾಗಿ ಹೊಸ ಸೆಲ್ ಒಳಗೆ ತಳ್ಳಿ, ಪಕ್ಕಾ ಟೈಮ್ ಇಟ್ಟು ಮೊಳೆಗೆ ತಗಲಿಸ್ದೆ. ಹೆಮ್ಮೆ ಬೇರೆ. ಮಾರನೇ ದಿನ ಗಡಿಬಿಡಿಯಲ್ಲಿ ಎದ್ದು ನೋಡಿದ್ರೆ ಫೋನಿಗೂ ಅದಕ್ಕೂ ತಾಳೆನೇ ಇಲ್ಲ. ಹಳೇ ಸೆಲ್ ಇದ್ದಾಗ ಅಮ್ಮ ಅದನ್ನ ಹತ್ತು ನಿಮಿಷ ಮುಂದೆ ಇಟ್ಟಿದ್ಲು, ಯಾರೂ ಲೇಟಾಗಬಾರ್ದು ಅಂತ, ನಾವೆಲ್ಲಾ ಅದನ್ನ ನೋಡಿ ಮನಸ್ಸಲ್ಲೇ ಹತ್ತು ಕಳೆದು ಲೇಟಾಗೇ ಹೊರಡ್ತಿದ್ವಿ, ಅದು ಅವಳಿಗೂ ಗೊತ್ತಿತ್ತು.

"ಈ ಸಲ ಎಷ್ಟು ಮುಂದೆ ಇಟ್ಟಿದೀಯ ಅಮ್ಮಾ" ಅಂದೆ.

"ಹೇಳಲ್ಲ" ಅಂದ್ಲು.