ಒಂದು ಜೆರಾಕ್ಸ್ ಪ್ರಬಂಧದ ಸೆಮಿಸ್ಟರ್

ಎಂಬಿಎ ಎರಡನೇ ವರ್ಷದಲ್ಲಿ ಹೆಚ್‌ಆರ್ (ಮಾನವ ಸಂಪನ್ಮೂಲ) ತಗೊಂಡವರೆಂದರೆ ಫೈನಾನ್ಸ್‌ನವರಿಗೆ ಸಸಾರ. 'ಲೆಕ್ಕ ಬಾರದವರ ಸ್ಪೆಷಲೈಸೇಷನ್' ಎಂದು ಹಾಸ್ಟೆಲಿನಲ್ಲಿ ಚುಡಾಯಿಸುತ್ತಿದ್ದರು. ನಮ್ಮ ಹೆಚ್‌ಆರ್ ಮೇಷ್ಟ್ರು ಇದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. 38 ಪುಟಗಳ ಒಂದು ಜೆರಾಕ್ಸ್ ಕಂತೆ ತಂದು ಮೇಜಿನ ಮೇಲೆ ಹಾಕಿ, "ಟೆಕ್ಸ್ಟ್‌ಬುಕ್ ಮನೇಲಿ ಓದ್ಕೊಳ್ಳಿ, ಕ್ಲಾಸಲ್ಲಿ ಇದು" ಎಂದರು.

ಅದು ಮಾರ್ಕ್ ಹ್ಯುಸೆಲಿಡ್ ಅವರ ಪ್ರಬಂಧ. 1995ರಲ್ಲಿ 'ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್'ನಲ್ಲಿ ಬಂದದ್ದು. ಆಗ ಅವರು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಅವರ ಪ್ರಶ್ನೆ ಸರಳ: ಸರಿಯಾಗಿ ಆಯ್ಕೆ ಮಾಡಿ, ತರಬೇತಿ ಕೊಟ್ಟು, ಕೆಲಸ ನೋಡಿ ಸಂಬಳ ಕೊಟ್ಟರೆ ಅದು ಕಂಪನಿಯ ಲೆಕ್ಕಪತ್ರದಲ್ಲಿ ಕಾಣುತ್ತದೆಯೇ? 3,452 ಕಂಪನಿಗಳ ಹೆಚ್‌ಆರ್ ಮುಖ್ಯಸ್ಥರಿಗೆ ಪ್ರಶ್ನಾವಳಿ ಕಳಿಸಿದರು. 968 ಕಡೆಯಿಂದ ಉತ್ತರ ಬಂತು. 13 ಪದ್ಧತಿಗಳನ್ನು ಎರಡು ಅಳತೆಗೋಲುಗಳಲ್ಲಿ ಸೇರಿಸಿ, ಲಾಭನಷ್ಟದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರು. ಆ ಅಳತೆಯಲ್ಲಿ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರಿವೆ ಎಂಬ ಅಳತೆ) ಮೇಲಿದ್ದ ಕಡೆ ಕೆಲಸ ಬಿಡುವವರ ಪ್ರಮಾಣ ಶೇ. 7.05ರಷ್ಟು ಕಡಿಮೆ, ತಲಾ ಮಾರಾಟ 27,044 ಡಾಲರ್, ಲಾಭ 3,814 ಡಾಲರ್ ಹೆಚ್ಚು. ಡಾಲರ್ ಲೆಕ್ಕ ಕೈಗೆ ಸಿಕ್ಕಿದ ಮೇಲೆ ಹಾಸ್ಟೆಲಿನಲ್ಲಿ ಕೆಲವು ದಿನ ನಮ್ಮದೇ ದರ್ಬಾರು.

ಮೇಷ್ಟ್ರ ಉದ್ದೇಶ ಬೇರೆಯೇ ಇತ್ತು. ಈ ಪ್ರಬಂಧವನ್ನು ಉಲ್ಲೇಖಿಸಿದವರ ಸಂಖ್ಯೆ ಆಗಲೇ ಸಾವಿರಗಳಲ್ಲಿತ್ತು. ಇವತ್ತು ಉಲ್ಲೇಖಗಳನ್ನು ಎಣಿಸಿ ತೋರಿಸುವ ಗೂಗಲ್ ಸ್ಕಾಲರ್‌ನಲ್ಲಿ ಹತ್ತು ಸಾವಿರ ದಾಟಿ ಎಷ್ಟೋ ಕಾಲವಾಯಿತು. ನಾವು ಅದನ್ನೇ ದೊಡ್ಡದಾಗಿ ಹೇಳಿಕೊಂಡು ಓಡಾಡುತ್ತಿದ್ದಾಗ ಒಂದು ಹೋಂವರ್ಕ್ ಕೊಟ್ಟರು: ಕಂಪ್ಯೂಟರ್ ಲ್ಯಾಬಿಗೆ ಹೋಗಿ, ಹ್ಯುಸೆಲಿಡ್‌ರನ್ನು ಉಲ್ಲೇಖಿಸಿದ ಯಾವುದಾದರೂ ಲೇಖನ ತೆರೆದು, ಅವರ ಹೆಸರು ಬರುವ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬನ್ನಿ.

ನಮ್ಮ ನೋಟ್‌ಬುಕ್ಕುಗಳನ್ನು ಅವರು ಗಟ್ಟಿಯಾಗಿ ಓದುತ್ತಾ ಹೋದರು. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ರಾಗ. ಲೇಖನದ ಮೊದಲನೇ ಪ್ಯಾರಾ, 'ಹೆಚ್‌ಆರ್ ಪದ್ಧತಿಗಳು ಕಂಪನಿಯ ಸಾಧನೆಯನ್ನು ಹೆಚ್ಚಿಸುತ್ತವೆ' ಎಂಬಂಥ ಮಾತು, ಅದರ ಬಾಲಕ್ಕೆ ಕಂಸದೊಳಗೆ ನಾಲ್ಕೈದು ಹೆಸರು, ಅದರಲ್ಲಿ ಒಂದು ಹ್ಯುಸೆಲಿಡ್. ಮುಂದೆ ಆ ಹೆಸರಿನ ಸುಳಿವೇ ಇಲ್ಲ. "ಮದುವೆ ಆಹ್ವಾನ ಪತ್ರಿಕೆ ಕೆಳಗೆ ಬಂಧುಮಿತ್ರರು ಅಂತ ಹಾಕ್ತಾರಲ್ಲ, ಹಾಗೆ ಹಾಕಿದಾರೆ" ಎಂದು ಮೇಷ್ಟ್ರು ನಕ್ಕರು. ಅವರು ನಕ್ಕಿದ್ದೇ ಅಪರೂಪ.

ಒಬ್ಬಳು ಮಾತ್ರ ಬೇರೆ ಥರದ್ದು ತಂದಿದ್ದಳು. 2000ದಲ್ಲಿ ಬ್ಯಾರಿ ಗೆರ್ಹಾರ್ಟ್ ಮತ್ತು ಸಂಗಡಿಗರು ಎತ್ತಿದ ತಕರಾರು: ಇಡೀ ಕಂಪನಿಯ ಬಗ್ಗೆ ಒಬ್ಬನೇ ಅಧಿಕಾರಿ ಕೊಟ್ಟ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬುವುದು? ಅದೇ ಕಂಪನಿಯ ಇನ್ನೊಬ್ಬರನ್ನು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಆ ಜಾಡು ಹಿಡಿದು ಮೇಷ್ಟ್ರು ನಮ್ಮನ್ನು ಪ್ಯಾಟ್ರಿಕ್ ರೈಟ್ ಮತ್ತಿತರರು 2005ರಲ್ಲಿ ಬರೆದ ಪ್ರಬಂಧಕ್ಕೆ ಕರೆದೊಯ್ದರು. ಒಂದು ಆಹಾರ ಸರಬರಾಜು ಕಂಪನಿಯ 45 ಘಟಕಗಳನ್ನು ಅವರು ನೋಡಿದ್ದರು. ಹೆಚ್‌ಆರ್ ಪದ್ಧತಿಗಳಿಗೆ ಮುಂದಿನ ಸಾಧನೆಯ ಜೊತೆ ಎಷ್ಟು ನಂಟಿದೆಯೋ ಹಿಂದಿನ ಸಾಧನೆಯ ಜೊತೆಗೂ ಅಷ್ಟೇ ಇತ್ತು. ಅಂದರೆ ತರಬೇತಿಯಿಂದ ಲಾಭವೋ, ಲಾಭ ಬಂತೆಂದು ತರಬೇತಿಯೋ? ಈ ತಕರಾರಿನವರೂ ಹ್ಯುಸೆಲಿಡ್‌ರ ಲೆಕ್ಕಕ್ಕೆ ಒಂದೊಂದು ಉಲ್ಲೇಖ ಸೇರಿಸಿದವರೇ. ಹೊಗಳಿಕೆಗೂ ಜಗಳಕ್ಕೂ ಅಲ್ಲಿ ಒಂದೇ ಅಂಕ.

ಇನ್ನೊಂದು ಕ್ಲಾಸು ನಮ್ಮ ದೇಶದ್ದು. 1970ರ ದಶಕದ ನಡುವಿನಲ್ಲಿ ಎಲ್ ಅಂಡ್ ಟಿ ಕಂಪನಿ ತನ್ನ ಅಪ್ರೈಸಲ್ (ನೌಕರರ ಕೆಲಸದ ಮೌಲ್ಯಮಾಪನ) ಪದ್ಧತಿ ಪರಿಶೀಲಿಸಿ ಎಂದು ಐಐಎಂ ಅಹಮದಾಬಾದಿನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕೇಳಿತ್ತು. ಅವರು ಅಪ್ರೈಸಲ್ ಒಂದನ್ನೇ ರಿಪೇರಿ ಮಾಡಿದರೆ ಸಾಲದು ಎಂದು ಸಾಮರ್ಥ್ಯದ ಅಂದಾಜು, ಕೂರಿಸಿಕೊಂಡು ಮಾತಾಡುವುದು, ತರಬೇತಿ, ವೃತ್ತಿಯ ಮುಂದಿನ ದಾರಿ ಎಲ್ಲವನ್ನೂ ಕೂಡಿಸಿದ ವ್ಯವಸ್ಥೆಯೊಂದನ್ನು ಕೊಟ್ಟರು. ಭಾರತದಲ್ಲಿ ಹೆಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ವಿಭಾಗ ಎಂಬುದು ಬೇರೂರಿದ್ದು ಅಲ್ಲಿಂದ. "ಆ ರಿಪೋರ್ಟಿನ ಬೆಲೆ ಗೂಗಲ್ ಸ್ಕಾಲರ್ ಹೇಳಲ್ಲ, ನಾಳೆ ನೀವು ಸೇರೋ ಕಂಪನಿ ಅಪ್ರೈಸಲ್ ಫಾರಂ ಹೇಳುತ್ತೆ" ಎಂದಿದ್ದರು ಮೇಷ್ಟ್ರು.

ನಾನು ಸೇರಿದ ಕಾರ್ಖಾನೆಯ ಫಾರಂ ಹೇಳಿತು ಕೂಡ. ಕೊನೇ ಪುಟದಲ್ಲಿ 'ನೌಕರರೊಡನೆ ಚರ್ಚಿಸಿದ ದಿನಾಂಕ' ಎಂಬ ಜಾಗವಿತ್ತು. ಆ ಜಾಗದಲ್ಲಿ ಇಡೀ ಶಿಫ್ಟಿನವರಿಗೂ ಒಂದೇ ತಾರೀಖು, ಒಂದೇ ಪೆನ್ನು, ಒಂದೇ ಕೈಬರಹ. ಪಾರೀಕ್–ರಾವ್ ಜೋಡಿ ಅಷ್ಟು ಒತ್ತಿ ಹೇಳಿದ ಮಾತುಕತೆ ಅಲ್ಲಿ ನಡೆದೇ ಇರಲಿಲ್ಲ. ಫಾರಂ ಮಾತ್ರ ತಲುಪಿತ್ತು.

ಈಗಿನವರಿಗೆ ಲ್ಯಾಬಿನ ಸರದಿ ಕಾಯುವ ಕಷ್ಟವಿಲ್ಲ, ಫೋನಿನಲ್ಲೇ ಆ ಹೋಂವರ್ಕ್ ಮುಗಿಯುತ್ತದೆ. ನನ್ನನ್ನು ಕೇಳಿದರೆ 2005ರ ಪ್ರಬಂಧದಿಂದ ಶುರುಮಾಡಿ, ಹ್ಯುಸೆಲಿಡ್‌ರದ್ದು ಆಮೇಲೆ ಓದಿದರೂ ನಡೆಯುತ್ತದೆ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ಮೊದಲು ಮೂಲ ಓದದೆ ತಕರಾರು ಓದುವವನಿಗೆ ಅವರು ಇಂಟರ್ನಲ್ಸ್‌ನಲ್ಲಿ ಅಂಕ ಕೊಟ್ಟದ್ದಿಲ್ಲ.